ಏಲಂ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬಂದಾಗ

ಚರ್ಚಿನ ಬೆಳೆ ಹಬ್ಬದಂದು, ಸಭೆಯವರು ತಂದ ಫಸಲನ್ನು ಹರಾಜು ಹಾಕುವಾಗ, ಒಂದೇ ಚೀನಿಕಾಯಿ (ಸಿಹಿಗುಂಬಳ) ನಾಲ್ಕು ಸಲ ಏಲಂ ಆಗುವುದುಂಟು. ಸವಾಲು (ಹರಾಜಿನ ಕೂಗು) ಗೆದ್ದವರು ಹಣ ಕೊಟ್ಟು "ಇದನ್ನು ಇನ್ನೊಮ್ಮೆ ಕೂಗಿ" ಎಂದು ಮೇಜಿಗೆ ಮರಳಿಸುತ್ತಾರೆ. ಬರೆಯುವವರು ಹಳೆ ಮೊತ್ತ ಹೊಡೆದು ಹೊಸದನ್ನಷ್ಟೇ ಬರೆದರೆ ಪೆಟ್ಟಿಗೆಯಲ್ಲಿ ಹಣ ಪುಸ್ತಕಕ್ಕಿಂತ ಹೆಚ್ಚಾಗುತ್ತದೆ, ಬೇರೆ ಕಡೆಯ ಕೊರತೆ ಅದರಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಸವಾಲಿಗೊಂದು ಸಾಲು, ಕಾಯಿಗೊಂದಲ್ಲ.

ಕಡಿಮೆ ಬರುವ ದಾರಿಗಳು ಬೇರೆ. "ಬಾಕಿ ಬರ್ಕೊಳ್ಳಿ, ಬರುವ ಆದಿತ್ಯವಾರ ಕೊಡ್ತೇನೆ" ಎಂದವರ ಹೆಸರು ಬರೆಯದೆ ಉಳಿಯುತ್ತದೆ. ಸಭೆಯ ಕ್ಯೂಆರ್ ಸ್ಕ್ಯಾನ್ ಆಗದಾಗ ಹಣ ಯಾರದೋ ಸ್ವಂತ ಫೋನಿಗೆ ಹೋಗಿರುತ್ತದೆ. ಯಾರನ್ನೂ ಕೇಳುವ ಮೊದಲು ಏಲಂ ಪುಸ್ತಕ, ರಶೀದಿಯ ಕಾರ್ಬನ್ ಪ್ರತಿ, ಬ್ಯಾಂಕ್ ಖಾತೆ ಮೂರನ್ನೂ ಇಬ್ಬರು ಕೂತು ತಾಳೆ ನೋಡಬೇಕು. ಎಷ್ಟೋ ಸಲ ಹಣ ಅಲ್ಲೇ ಸಿಗುತ್ತದೆ.

ಸಿಗದಿದ್ದರೆ ಬೈಬಲಿನ ಮತ್ತಾಯ 18:15ರ ಕ್ರಮ: ಆ ಹಣ ನೋಡಿಕೊಂಡವರ ಬಳಿ ಮೊದಲು ಒಬ್ಬರೇ ಹೋಗಿ ಮಾತಾಡುವುದು. ಫೋನಿನಲ್ಲಿ ಬೇಡ, ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರವಂತೂ ಬೇಡವೇ ಬೇಡ. ಮನೆಗೆ ಹೋಗಿ ಲೆಕ್ಕವನ್ನಷ್ಟೇ ಹೇಳಿ: "ಅಣ್ಣಾ, ಚೀಟಿಯಲ್ಲಿ 4,300 ಇದೆ, ಲಕೋಟೆಯಲ್ಲಿ 3,800. ನಿಮ್ಮಲ್ಲಿ ಉಳಿದಿದೆಯಾ ನೋಡ್ತೀರಾ?" ಆಮೇಲೆ ಸುಮ್ಮನಿರಿ. ಆ ಮೌನ ತಡೆಯಲಾಗದೆ "ಪರವಾಗಿಲ್ಲ, ಬಿಡಿ" ಎನ್ನುವುದೇ ದೊಡ್ಡ ತಪ್ಪು. ತಪ್ಪೊಪ್ಪಿಕೊಳ್ಳಲು ಸಿಕ್ಕ ಒಂದೇ ಅವಕಾಶವನ್ನು ನಾವೇ ಕಿತ್ತುಕೊಂಡ ಹಾಗೆ.

ಇನ್ನೊಂದು ತಪ್ಪು ಒಳ್ಳೆ ಮನಸ್ಸಿನಿಂದ ಆಗುವಂಥದ್ದು. ಸಭಾಪಾಲಕರೋ ಖಜಾಂಚಿಯೋ ಗುಟ್ಟಾಗಿ ಕೈಯಿಂದ ಹಾಕಿ ಲೆಕ್ಕ ಸರಿಮಾಡುತ್ತಾರೆ. ಪುಸ್ತಕ ಸರಿಯಾಯಿತು, ಮನುಷ್ಯ ಮಾತ್ರ ಅಪರಾಧಿ ಭಾವದಲ್ಲೇ ಉಳಿದ. ಮುಂದಿನ ತಿಂಗಳಿಂದ ಆರಾಧನೆಗೂ ಬರುವುದಿಲ್ಲ. ಅಪೊಸ್ತಲ ಪೌಲ ಒನೇಸಿಮನೆಂಬ ದಾಸನ ಪರವಾಗಿ ಅವನ ಯಜಮಾನ ಫಿಲೆಮೋನನಿಗೆ "ನನ್ನ ಲೆಕ್ಕಕ್ಕೆ ಹಾಕು" ಎಂದು ಬರೆದದ್ದು ಬಹಿರಂಗವಾಗಿ, ಸ್ವಂತ ಕೈಬರಹದಲ್ಲಿ. ಬೇರೆಯವರು ತುಂಬಿಕೊಟ್ಟರೆ ಅದಕ್ಕೂ ರಶೀದಿ ಇರಲಿ.

ನಮಗಾದ ನೋವನ್ನು ನಾವು ಕ್ಷಮಿಸಬಹುದು. ಸಭೆಯ ಹಣವನ್ನು ಮನ್ನಾ ಮಾಡುವ ಅಧಿಕಾರ ಒಬ್ಬ ಖಜಾಂಚಿಗಿಲ್ಲ, ಅದು ಸಮಿತಿಯದ್ದು. 1 ಕೊರಿಂಥ 13:5ರಲ್ಲಿ ಪ್ರೀತಿ ಅಪಕಾರವನ್ನು ಎಣಿಸುವುದಿಲ್ಲ ಎನ್ನುವಾಗ ಗ್ರೀಕ್ ಮೂಲದಲ್ಲಿರುವುದು ಲೆಕ್ಕ ಬರೆಯುವವರೂ ಬಳಸುತ್ತಿದ್ದ ಕ್ರಿಯಾಪದ. ಅದೇ ಪೌಲ 2 ಕೊರಿಂಥ 8:20ರಲ್ಲಿ ಕಾಣಿಕೆ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಎಚ್ಚರ ವಹಿಸುತ್ತಾನೆ, ಜೊತೆಗೆ ಬೇರೆಯವರನ್ನೂ ಕಳಿಸುತ್ತಾನೆ. ಮರುಪಾವತಿ ತಿಂಗಳಿಗೆ 100 ರೂಪಾಯಿಯಂತೆ ಐದು ಕಂತಾದರೂ ಸರಿ, ಪ್ರತಿ ಕಂತಿಗೂ ರಶೀದಿ. ಅದನ್ನು "ದಾನ" ಎಂದು ಬರೆಯಬಾರದು.

ಮತ್ತೆ ಜವಾಬ್ದಾರಿ ಕೊಡುವುದೇ ಕಷ್ಟದ ಭಾಗ. ಯೋಹಾನ 18ರಲ್ಲಿ ಪೇತ್ರ ಇದ್ದಲಿನ ಬೆಂಕಿಯ ಬಳಿ ನಿಂತು ತಾನು ಯೇಸುವಿನ ಶಿಷ್ಯನಲ್ಲ ಎಂದ. 21ನೇ ಅಧ್ಯಾಯದಲ್ಲಿ ಯೇಸು ಅವನನ್ನು ಕೂರಿಸಿದ್ದೂ ಇದ್ದಲಿನ ಬೆಂಕಿಯ ಬಳಿಯೇ; ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. "ನನ್ನನ್ನು ಪ್ರೀತಿಸುತ್ತೀಯೋ?" ಎಂದು ಮೂರು ಸಲ ಪ್ರಶ್ನೆ, ಮೂರು ಸಲವೂ ತನ್ನ ಕುರಿಗಳನ್ನು ನೋಡಿಕೊಳ್ಳುವ ಕೆಲಸ. ಹಾಗಾಗಿ ಮರುವರ್ಷ ತಪ್ಪೊಪ್ಪಿಕೊಂಡವರನ್ನು ಏಲಂ ಮೇಜಿನಿಂದ ದೂರ ಇಡಬೇಡಿ. ಹಣ ಎಣಿಸುವಾಗ ಪಕ್ಕದಲ್ಲಿ ಇನ್ನೊಬ್ಬರಿರಲಿ, ನೋಟಿನ ವಿವರದ ಚೀಟಿಗೆ ಇಬ್ಬರ ಸಹಿ ಬೀಳಲಿ. ಈ ನಿಯಮ ಸಭಾಪಾಲಕರಿಗೂ ಅನ್ವಯಿಸಿದರೆ ಮಾತ್ರ ಅವಮಾನ ಅನಿಸುವುದಿಲ್ಲ.

ಸಂಶಯವೇ ಸುಳ್ಳಾದರೆ? ಆಗ ಮತ್ತಾಯ 5:24 ಖಜಾಂಚಿಗೇ: ಕಾಣಿಕೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು. ಯೇಸುವಿನಿಂದ ಈ ಮಾತು ಕೇಳಿದ ಗಲಿಲಾಯ ಸೀಮೆಯವರಿಗೆ, ಕಾಣಿಕೆ ಅರ್ಪಿಸುವ ಯೆರೂಸಲೇಮಿನ ಬಲಿಪೀಠವೆಂದರೆ ಮಂಗಳೂರಿನಿಂದ ಕುಂದಾಪುರ ದಾಟಿ ನಡೆದಷ್ಟು ದೂರ. ವಾಪಸ್ ಹೋಗುವುದು ಸಣ್ಣ ಮಾತಲ್ಲ. ಸಂಶಯ ಬಾಯಿಗೆ ಬಂದದ್ದು ಎಲ್ಲಿಯೋ ಕ್ಷಮೆ ಕೇಳಬೇಕಾದ್ದೂ ಅಲ್ಲೇ. ಸಮಿತಿಯಲ್ಲಿ ಹೇಳಿದ್ದಾದರೆ ಸಮಿತಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಾದರೆ ಅದೇ ಗುಂಪಿನಲ್ಲಿ, ಹೆಸರು ಹೇಳಿ.