ಹಳೇ ನೆಟ್‌ಬುಕ್, ಆಂಟಿಎಕ್ಸ್ 23: ರಿಪೇರಿ ದಿನಚರಿ

8 ನವೆಂಬರ್ 2025, ಶನಿವಾರ

ಮಷೀನು: ಇಂಟೆಲ್ ಆಟಂ ಎನ್270, 1 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, 1024×600 ಪರದೆ, ಬ್ರಾಡ್‌ಕಾಮ್ ವೈಫೈ. 2008-09ರ ಸುಮಾರಿಗೆ ನೆಟ್‌ಬುಕ್ ಅಂತ ಮಾರಾಟವಾದ ಜಾತಿ. ಎನ್270 ಬರೀ 32 ಬಿಟ್ ಪ್ರೊಸೆಸರ್. ಇದಕ್ಕೆ 64 ಬಿಟ್ ಲಿನಕ್ಸ್ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲ್) ಹಾಕಿದರೆ, ಎಕ್ಸ್86-64 ಸಿಪಿಯು ಬೇಕಿತ್ತು, ಸಿಕ್ಕಿದ್ದು ಐ686 ಎಂದು ಒಂದು ಸಾಲು ಬರೆದು ಅಲ್ಲೇ ನಿಂತುಬಿಡುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಅಂತ ಇನ್ನೊಂದು ಕೊಳ್ಳಲು ಹೋಗಬೇಡಿ.

ಹಗುರ ಲಿನಕ್ಸ್ ಡಿಸ್ಟ್ರೊಗಳಲ್ಲೊಂದಾದ ಆಂಟಿಎಕ್ಸ್ 23ನ್ನು ಆರಿಸಿದ್ದಕ್ಕೆ ಕಾರಣ ಸರಳ. ಅದು ಡೆಬಿಯನ್ 12ರ ಮೇಲೆ ನಿಂತಿದೆ, ಸಿಸ್ಟಂಡಿ (ಬೂಟಿನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಇಲ್ಲ, 32 ಬಿಟ್ ಐಎಸ್ಒ ಕೊಡುತ್ತದೆ. ಈ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಡೆಬಿಯನ್ 12ಕ್ಕೆ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಅಂದರೆ ಈ ಪೆಟ್ಟಿಗೆಗೆ ನೆಮ್ಮದಿಯ ಆಯುಷ್ಯ ಅಲ್ಲಿಯವರೆಗೆ.

(ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.)

ಇನ್‌ಸ್ಟಾಲ್ ಮಾಡುವ ಮುಂಚೆ, ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಲೈವ್‌ನಲ್ಲೇ ಡಿಸ್ಕ್ ನೋಡಬೇಕು: ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’. ಉದ್ದದ ಪಟ್ಟಿಯಲ್ಲಿ ಎರಡೇ ಸಾಲು ಮುಖ್ಯ, 5 (ಕೆಟ್ಟು ಬದಲಿಸಿದ ಸೆಕ್ಟರ್‌ಗಳು) ಮತ್ತು 197 (ಓದಲಾಗದೆ ಬಾಕಿ ಉಳಿದವು). ಕೊನೆಯ ಕಾಲಂನಲ್ಲಿ ಸೊನ್ನೆ ಇದ್ದರೆ ಸರಿ. 197 ಏರುತ್ತಾ ಹೋಗುತ್ತಿದ್ದರೆ ಯಾವ ಡಿಸ್ಟ್ರೊ ಹಾಕಿದರೂ ಅದು ‘ಹ್ಯಾಂಗ್’ ಆಗುತ್ತದೆ. ಡಿಸ್ಕ್ ಬದಲಿಸಿಯೇ ಮುಂದಿನ ಮಾತು. ಇಲ್ಲಿ ಎರಡೂ ಸೊನ್ನೆ.

ರ‍್ಯಾಮ್ 2 ಜಿಬಿ ಮಾಡಿದೆ. 945ಜಿಎಸ್ಇ ಚಿಪ್‌ಸೆಟ್ಟಿಗೆ ಅದೇ ಮಿತಿ. 200 ಪಿನ್‌ನ ಡಿಡಿಆರ್2 ಎಸ್ಒ-ಡಿಮ್ ಅಂತ ಕೇಳಿ, 2 ಜಿಬಿಯದೊಂದೇ ಕಡ್ಡಿ ತನ್ನಿ. ಇಂಥ ಮಷೀನಿಗೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ, ಎಸ್‌ಎಸ್‌ಡಿ ಆಮೇಲೆ.

ಇನ್‌ಸ್ಟಾಲ್ ಆಯಿತು. ‘ಆಪ್ಟ್ ಅಪ್‌ಡೇಟ್’ ಕೊಟ್ಟರೆ, ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ, ನಾಟ್ ವ್ಯಾಲಿಡ್ ಯೆಟ್ ಎಂಬ ದೂರು. ಬ್ರೌಸರ್ ತೆರೆದರೆ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಎರರ್. ಎರಡಕ್ಕೂ ಮೂಲ ಒಂದೇ: ‘ಡೇಟ್’ ಅಂದರೆ 2009 ತೋರಿಸುತ್ತಿದೆ. ಬಯಾಸ್‌ನ ಸಿಆರ್2032 ಸೆಲ್ ಸತ್ತಿದೆ. ಸದ್ಯಕ್ಕೆ ‘ಸುಡೊ ಡೇಟ್ -ಎಸ್’ ಮುಂದೆ ಉದ್ಧರಣ ಚಿಹ್ನೆಯೊಳಗೆ ಇವತ್ತಿನ ತಾರೀಕು, ಹೊತ್ತು ಕೊಟ್ಟು, ಹಿಂದೆಯೇ ‘ಸುಡೊ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು’ ಕೊಡಬೇಕು. ಸೆಲ್ ಬದಲಿಸದಿದ್ದರೆ ಚಾರ್ಜರ್ ತೆಗೆದು, ಬ್ಯಾಟರಿ ಖಾಲಿಯಾದ ಪ್ರತಿ ಸಲವೂ ಇದೇ ಪಾಡು. ಸೆಲ್ಲಿಗೆ ಎರಡು ತಂತಿ ಬೆಸುಗೆ ಹಾಕಿ ಕನೆಕ್ಟರ್ ಕೊಟ್ಟಿರುವ ಮಾಡೆಲ್‌ಗಳೂ ಇವೆ. ಬಿಚ್ಚಿ ನೋಡಿಕೊಂಡೇ ಅಂಗಡಿಗೆ ಹೋಗುವುದು ವಾಸಿ.

9 ನವೆಂಬರ್, ಭಾನುವಾರ

ವೈಫೈ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನುವುದು ಇದೇ, ಯಾಕೆಂದರೆ ಮೂರು ಬೇರೆ ಬೇರೆ ಪದರಗಳಲ್ಲಿ ಎಲ್ಲಿ ಕೆಟ್ಟಿದ್ದರೂ ಹೊರಗೆ ಕಾಣುವುದು ಒಂದೇ ಲಕ್ಷಣ: ನೆಟ್‌ವರ್ಕ್ ಪಟ್ಟಿ ಖಾಲಿ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೋಗಬೇಕು.

ಮೊದಲು ಚಿಪ್ ಯಾವುದು? ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಕೊಟ್ಟು ನೆಟ್‌ವರ್ಕ್ ಎಂದಿರುವ ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗಿನ ಅಂಕಿ ಓದಬೇಕು. ಇಲ್ಲಿರುವುದು 14ಇ4:4315, ಅಂದರೆ ಬಿಸಿಎಂ4312. ಇದಕ್ಕೆ ಹೊಂದುವುದು ಬಿ43 ಡ್ರೈವರ್. ಇದೇ ಬ್ರಾಡ್‌ಕಾಮ್‌ನ 14ಇ4:4727 ಆಗಿದ್ದರೆ ಬಿಸಿಎಂ4313. ಅದಕ್ಕೆ ಬಿಆರ್‌ಸಿಎಂ‌ಎಸ್‌ಮ್ಯಾಕ್ ಡ್ರೈವರ್, ಫರ್ಮ್‌ವೇರ್-ಬಿಆರ್‌ಸಿಎಂ80211 ಪ್ಯಾಕೇಜ್. ‘ಬ್ರಾಡ್‌ಕಾಮ್‌ಗೆ ಇದು ಹಾಕಿ’ ಎಂಬ ಒಂದು ಸಾಲಿನ ಸಲಹೆಗಳು ಅರ್ಧ ಜನರಿಗೆ ಕೆಲಸ ಮಾಡದಿರುವುದು ಈ ಅಂಕಿಯನ್ನು ಕೇಳದೇ ಹೇಳುವುದರಿಂದ.

‘ಡಿಎಂಇಎಸ್‌ಜಿ’ (ಕರ್ನಲ್ ಬರೆದ ಸಂದೇಶಗಳು) ಔಟ್‌ಪುಟ್ಟಿನಲ್ಲಿ ಬಿ43 ಎಂದು ಹುಡುಕಿದರೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಫೈಲ್ ಸಿಗಲಿಲ್ಲ ಎಂದಿದೆ. ಬೇಕಾದ್ದು ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್. ಈ ಪ್ಯಾಕೇಜಿನೊಳಗೆ ಫರ್ಮ್‌ವೇರ್ ಇರುವುದಿಲ್ಲ. ಇನ್‌ಸ್ಟಾಲ್ ಆಗುವ ಹೊತ್ತಿಗೆ ಇಂಟರ್ನೆಟ್ಟಿನಿಂದ ಹಳೇ ಡ್ರೈವರನ್ನು ಇಳಿಸಿ, ಅದರೊಳಗಿಂದ ಕತ್ತರಿಸಿ ತೆಗೆಯುತ್ತದೆ. ನೆಟ್ ಬರಲು ಇದು ಬೇಕು, ಇದು ಬರಲು ನೆಟ್ ಬೇಕು. ಪೆನ್‌ಡ್ರೈವಿನಲ್ಲಿ ಡೆಬ್ ಫೈಲ್ ತಂದು ಹಾಕಿದರೂ ಪ್ರಯೋಜನವಿಲ್ಲ ಎಂಬುದು ಇದೇ ಕಾರಣಕ್ಕೆ. ಲ್ಯಾನ್ ಕೇಬಲ್ ಇದ್ದರೆ ಸರಿ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್. ಕೇಬಲ್ ಹಾಕಿ ಫೋನಿನಲ್ಲಿ ಆನ್ ಮಾಡಿದರೆ ಯುಎಸ್‌ಬಿ0 ಎಂಬ ಹೆಸರಲ್ಲಿ ಹೊಸ ತಂತಿ ನೆಟ್‌ವರ್ಕಿನಂತೆ ಕಾಣಿಸಿಕೊಳ್ಳುತ್ತದೆ, ಡ್ರೈವರ್ ಬೇಡ.

ಫರ್ಮ್‌ವೇರ್ ಬಂದ ಮೇಲೂ ಡಬ್ಲ್ಯುಲ್ಯಾನ್0 (ವೈಫೈ ಕಾರ್ಡಿಗೆ ಸಿಸ್ಟಂ ಕೊಡುವ ಹೆಸರು) ಹುಟ್ಟದಿದ್ದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಬ್ಲ್ಯಾಕ್‌ಲಿಸ್ಟ್ ಸಾಲು ಹುಡುಕಿ. ಬ್ರಾಡ್‌ಕಾಮ್-ಎಸ್‌ಟಿಎ ಪ್ಯಾಕೇಜ್ ಇದ್ದರೆ ಅದು ತನ್ನ ಡಬ್ಲ್ಯುಎಲ್ ಡ್ರೈವರಿಗೆ ದಾರಿ ಮಾಡಿಕೊಡಲು ಬಿ43, ಎಸ್‌ಎಸ್‌ಬಿ, ಬಿಸಿಎಂಎ ಎಲ್ಲವನ್ನೂ ತಡೆದಿರುತ್ತದೆ. ಎಸ್‌ಎಸ್‌ಬಿ ಹೋದರೆ ಅದನ್ನೇ ನಂಬಿದ ಬಿ44 ತಂತಿ ಕಾರ್ಡೂ ಹೋಗುತ್ತದೆ. ವೈಫೈ ಸರಿಮಾಡಲು ಹೋಗಿ ಲ್ಯಾನೂ ಸತ್ತಿತು ಎಂಬ ದೂರಿನ ಮೂಲ ಬಹುಪಾಲು ಇಲ್ಲಿದೆ. ಡಬ್ಲ್ಯುಎಲ್‌ನ ಮೂಲ ಕೋಡ್ 2015ರ ನಂತರ ಹೊಸದಾಗಿಲ್ಲ, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಬಿಲ್ಡ್ ಆಗಬೇಕು. ಬಿ43 ನಡೆಯುವ ಚಿಪ್ಪಿಗೆ ಅದನ್ನು ಹಾಕಬಾರದೆಂದೇ ನನ್ನ ಅಭಿಪ್ರಾಯ. ಬ್ರಾಡ್‌ಕಾಮ್-ಎಸ್‌ಟಿಎ ಪ್ಯಾಕೇಜನ್ನು ಪರ್ಜ್ ಮಾಡಿ (ಸೆಟ್ಟಿಂಗ್ ಸಮೇತ ತೆಗೆದು) ರೀಬೂಟ್.

ಎರಡನೇ ಪದರ ರೇಡಿಯೊ ಆನ್-ಆಫ್ ಸ್ವಿಚ್: ‘ಆರ್‌ಎಫ್‌ಕಿಲ್ ಲಿಸ್ಟ್’. ಸಾಫ್ಟ್ ಬ್ಲಾಕ್ ಯೆಸ್ ಇದ್ದರೆ ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’. ಹಾರ್ಡ್ ಬ್ಲಾಕ್ ಯೆಸ್ ಇದ್ದರೆ ಕಮಾಂಡಿಗೆ ಬಗ್ಗುವುದಿಲ್ಲ, ಮಷೀನಿನ ಅಂಚಿನಲ್ಲಿರುವ ಸ್ವಿಚ್ ಅಥವಾ ಎಫ್‌ಎನ್ ಕೀ ಒತ್ತಬೇಕು.

ಮೂರನೆಯದು ಕಾನ್‌ಮ್ಯಾನ್, ನೆಟ್‌ವರ್ಕ್ ಸಂಪರ್ಕಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ. ‘ಕಾನ್‌ಮ್ಯಾನ್‌ಸಿಟಿಎಲ್ ಟೆಕ್ನಾಲಜೀಸ್’ನಲ್ಲಿ ವೈಫೈ ಪವರ್ಡ್ ಫಾಲ್ಸ್ ಎಂದಿದ್ದರೆ ‘ಕಾನ್‌ಮ್ಯಾನ್‌ಸಿಟಿಎಲ್ ಎನೇಬಲ್ ವೈಫೈ’. ಈ ಆಯ್ಕೆಯನ್ನು ಅದು /ವಾರ್/ಲಿಬ್/ಕಾನ್‌ಮ್ಯಾನ್/ಸೆಟ್ಟಿಂಗ್ಸ್ ಫೈಲಿನಲ್ಲಿ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಬೂಟಿಗೂ ಉಳಿಯುತ್ತದೆ. ಆಂಟಿಎಕ್ಸ್‌ನಲ್ಲಿ ಸೆನಿ ಎಂಬ ಇನ್ನೊಂದು ಸಾಧನವೂ ಇದೆ. ಅದು /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲಿಗೆ ಬರೆಯುತ್ತದೆ. ಒಂದೇ ಕಾರ್ಡಿಗೆ ಇಬ್ಬರು ಯಜಮಾನರಾದರೆ ಸಂಪರ್ಕ ಬಂದು ಬಂದು ಹೋಗುತ್ತದೆ. ಒಂದನ್ನು ಆರಿಸಿ, ಕಾನ್‌ಮ್ಯಾನ್ ಆದರೆ ಆ ಫೈಲಿನಿಂದ ಡಬ್ಲ್ಯುಲ್ಯಾನ್0 ಸಾಲುಗಳನ್ನು ತೆಗೆಯಿರಿ.

ಎಲ್ಲ ಸರಿಯಿದ್ದೂ ಮನೆಯ ರೌಟರ್ ಒಂದೇ ಕಾಣದಿದ್ದರೆ? ಬಿಸಿಎಂ4312 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು. ರೌಟರಿನಲ್ಲಿ ಆ ಬ್ಯಾಂಡ್ ತೆರೆದಿರಬೇಕು, ಸೆಕ್ಯುರಿಟಿ ಬರೀ ಡಬ್ಲ್ಯುಪಿಎ3 ಆಗಿರಬಾರದು.

12 ನವೆಂಬರ್, ಬುಧವಾರ

ಮೆಮೊರಿ. ಡೆಸ್ಕ್‌ಟಾಪ್ ಖಾಲಿ ಇರುವಾಗ ‘ಫ್ರೀ -ಎಂ’ ನೋಡಿದರೆ ಬಳಕೆ 200 ಎಂಬಿಯ ಆಸುಪಾಸು. ಓದಬೇಕಾದ್ದು ‘ಅವೇಲಬಲ್’ ಕಾಲಂ, ‘ಫ್ರೀ’ ಅಲ್ಲ. ಫ್ರೀ ಕಡಿಮೆ ಇದ್ದರೆ ಡಿಸ್ಕ್ ಕ್ಯಾಶ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಇಲ್ಲಿಂದ ಇನ್ನೂ 20 ಎಂಬಿ ಉಳಿಸಲು ವಿಂಡೋ ಮ್ಯಾನೇಜರ್ ಬದಲಿಸುತ್ತಾ ಕೂರುವವರಿದ್ದಾರೆ. ಬ್ರೌಸರಿನ ಒಂದು ಟ್ಯಾಬ್ ಅದರ ಹತ್ತು ಪಟ್ಟು ನುಂಗುತ್ತದೆ. ಲೆಕ್ಕ ಅಲ್ಲಿ ಹಾಕಬೇಕು.

ಮೊದಲು ಝಡ್‌ರ‍್ಯಾಮ್. ರ‍್ಯಾಮಿನೊಳಗೇ ಕುಗ್ಗಿಸಿಟ್ಟ ಸ್ವಾಪ್. ಹಳೇ ಡಿಸ್ಕಿನ ಸ್ವಾಪಿಗಿಂತ ಎಷ್ಟೋ ಚುರುಕು. ಸಿಸ್ಟಂಡಿ ಇಲ್ಲವಾದ್ದರಿಂದ /ಇಟಿಸಿ/ಆರ್‌ಸಿ.ಲೋಕಲ್ ಫೈಲಿನಲ್ಲಿ ‘ಎಕ್ಸಿಟ್ 0’ ಸಾಲಿಗಿಂತ ಮೇಲೆ ನಾಲ್ಕು ಸಾಲು:

ಮಾಡ್‌ಪ್ರೋಬ್ ಝಡ್‌ರ‍್ಯಾಮ್
ಝಡ್‌ರ‍್ಯಾಮ್‌ಸಿಟಿಎಲ್ /ಡೆವ್/ಝಡ್‌ರ‍್ಯಾಮ್0 --ಆಲ್ಗರಿದಮ್ ಎಲ್‌ಝಡ್4 --ಸೈಜ್ 1ಜಿ
ಎಂಕೆಸ್ವಾಪ್ /ಡೆವ್/ಝಡ್‌ರ‍್ಯಾಮ್0
ಸ್ವಾಪ್‌ಆನ್ -ಪಿ 100 /ಡೆವ್/ಝಡ್‌ರ‍್ಯಾಮ್0

ಎರಡನೇ ಸಾಲಿನ 1ಜಿಯಲ್ಲಿ ಜಿ ದೊಡ್ಡಕ್ಷರ. ಫೈಲಿಗೆ ‘ಸಿಎಚ್‌ಮಾಡ್ +ಎಕ್ಸ್’ ಇರಲೇಬೇಕು, ಇಲ್ಲದಿದ್ದರೆ ಸದ್ದಿಲ್ಲದೇ ಬಿಟ್ಟುಬಿಡುತ್ತದೆ. ಝಡ್‌ಎಸ್‌ಟಿಡಿ ಇನ್ನೂ ಚೆನ್ನಾಗಿ ಕುಗ್ಗಿಸುತ್ತದೆ, ಆದರೆ ಆಟಂಗೆ ಅದು ಭಾರ. ಇಲ್ಲಿ ಎಲ್‌ಝಡ್4 ಸಾಕು. ಸೈಜ್ ಕೊಟ್ಟ ಮೇಲೆ ಆಲ್ಗರಿದಮ್ ಬದಲಿಸಲು ಹೋದರೆ ‘ಡಿವೈಸ್ ಬ್ಯುಸಿ’ ಎನ್ನುತ್ತದೆ. ಸ್ವಾಪ್‌ಆಫ್ ಮಾಡಿ, ‘ಝಡ್‌ರ‍್ಯಾಮ್‌ಸಿಟಿಎಲ್ -ಆರ್’ನಿಂದ ರೀಸೆಟ್ ಮಾಡಿ ಮತ್ತೆ ಶುರು ಮಾಡಬೇಕು. 1 ಜಿಬಿ ಎಂದರೆ ಆಗಲೇ 1 ಜಿಬಿ ರ‍್ಯಾಮ್ ಹೋಯಿತು ಎಂದಲ್ಲ, ಅದು ಕುಗ್ಗಿಸುವ ಮುಂಚಿನ ಅಳತೆಯ ಮಿತಿ. ನಿಜವಾಗಿ ತಿಂದದ್ದೆಷ್ಟು ಎಂಬುದು ಝಡ್‌ರ‍್ಯಾಮ್‌ಸಿಟಿಎಲ್ ತೋರಿಸುವ ಟೋಟಲ್ ಕಾಲಂನಲ್ಲಿದೆ. ಜೊತೆಗೆ /ಇಟಿಸಿ/ಸಿಸ್‌ಸಿಟಿಎಲ್.ಡಿ ಒಳಗೊಂದು ಫೈಲ್: ವಿಎಂ.ಸ್ವಾಪಿನೆಸ್=100, ವಿಎಂ.ಪೇಜ್-ಕ್ಲಸ್ಟರ್=0. ಎರಡನೆಯದು ಯಾಕೆಂದರೆ ಅಕ್ಕಪಕ್ಕದ ಪೇಜುಗಳನ್ನೂ ಒಟ್ಟಿಗೆ ಎತ್ತಿತರುವುದು ತಿರುಗುವ ಡಿಸ್ಕಿಗೆ ಲಾಭ, ಝಡ್‌ರ‍್ಯಾಮ್‌ಗೆ ದಂಡ.

ಬ್ರೌಸರ್. ನಿನ್ನೆ ಬಂದ ಫೈರ್‌ಫಾಕ್ಸ್ 145ರಿಂದ 32 ಬಿಟ್ ಲಿನಕ್ಸಿಗೆ ಬೆಂಬಲ ನಿಂತಿದೆ. ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ) 140 ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ ಸಿಗುತ್ತದೆ ಎಂದು ಮೊಜಿಲ್ಲಾ ಹೇಳಿದೆ, ಅದನ್ನೇ ಇಟ್ಟುಕೊಳ್ಳಬೇಕು. ಅಬೌಟ್:ಕಾನ್ಫಿಗ್‌ನಲ್ಲಿ ಡಾಮ್.ಐಪಿಸಿ.ಪ್ರೊಸೆಸ್‌ಕೌಂಟ್ (ಪ್ರೊಸೆಸ್‌ನ ಸಿ ದೊಡ್ಡದಲ್ಲ, ಕೌಂಟ್‌ನ ಸಿ ದೊಡ್ಡದು) 8ರಿಂದ 2ಕ್ಕೆ. ಇದೊಂದರಿಂದ ಹೆಚ್ಚೇನೂ ಇಳಿಯುವುದಿಲ್ಲ, ಯಾಕೆಂದರೆ ಫಿಷನ್ ಪ್ರತಿ ಸೈಟಿಗೂ ಬೇರೆ ಪ್ರೊಸೆಸ್ ಹುಟ್ಟಿಸುತ್ತದೆ. ಫಿಷನ್.ಆಟೊಸ್ಟಾರ್ಟ್ ಅನ್ನು ಫಾಲ್ಸ್ ಮಾಡಿದರೆ ಇಳಿಯುತ್ತದೆ. ಆದರೆ ಅದು ಸೈಟುಗಳ ನಡುವಿನ ಗೋಡೆ. ಬ್ಯಾಂಕ್ ಕೆಲಸ ಮಾಡುವ ಮಷೀನಿನಲ್ಲಿ ಕೆಡವಬೇಡಿ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂಬುದನ್ನು ಅಬೌಟ್:ಪ್ರೊಸೆಸಸ್ ನೇರವಾಗಿ ತೋರಿಸುತ್ತದೆ. ವಿಡಿಯೊವನ್ನು ಬ್ರೌಸರಿನೊಳಗೆ ನೋಡುವ ಆಸೆ ಬಿಟ್ಟು, ಎಂಪಿವಿ ಎಂಬ ವಿಡಿಯೊ ಪ್ಲೇಯರಿಗೆ ಕೊಂಡಿ ಕೊಟ್ಟು 360ರ ಗುಣಮಟ್ಟದಲ್ಲಿ ನೋಡಬೇಕು. ಅದಕ್ಕೆ ಬೇಕಾದ, ಸೈಟಿನಿಂದ ವಿಡಿಯೊ ತರುವ ವೈಟಿ-ಡಿಎಲ್‌ಪಿ ಹಳತಾದರೆ ಕೈಕೊಡುತ್ತದೆ, ಬ್ಯಾಕ್‌ಪೋರ್ಟ್ಸ್‌ನಿಂದ (ಡೆಬಿಯನ್ನಿನ ಹೊಸ ಪ್ಯಾಕೇಜುಗಳ ಭಂಡಾರ) ಹೊಸದು ತರಬೇಕು.

600 ಸಾಲಿನ ಪರದೆಯಲ್ಲಿ ಡೈಲಾಗ್‌ಗಳ ‘ಓಕೆ’ ಬಟನ್ ಕೆಳಗೆ ಮುಳುಗುತ್ತದೆ. ಆಲ್ಟ್ ಒತ್ತಿ ಮೌಸಿನಿಂದ ಎಳೆದರೆ ವಿಂಡೋ ಮೇಲೆ ಬರುತ್ತದೆ. ಪದೇ ಪದೇ ಬೇಕಾದರೆ ‘ಎಕ್ಸ್‌ರ‍್ಯಾಂಡರ್ --ಔಟ್‌ಪುಟ್ ಎಲ್‌ವಿಡಿಎಸ್-1 --ಸ್ಕೇಲ್ 1.25ಎಕ್ಸ್1.28’, ಎಲ್‌ವಿಡಿಎಸ್ ದೊಡ್ಡಕ್ಷರದಲ್ಲಿ. 1280×768 ಜಾಗ ಸಿಗುತ್ತದೆ, ಅಕ್ಷರ ಸ್ವಲ್ಪ ಮಸುಕು. ಡ್ರೈವರ್ ಇಂಟೆಲ್ ಆಗಿದ್ದರೆ ಹೆಸರು ನಡುಗೆರೆಯಿಲ್ಲದ ಎಲ್‌ವಿಡಿಎಸ್1. ಬರೀ ‘ಎಕ್ಸ್‌ರ‍್ಯಾಂಡರ್’ ಎಂದು ಕೊಟ್ಟು ನೋಡಿಕೊಳ್ಳಿ.

14 ನವೆಂಬರ್, ಶುಕ್ರವಾರ

ಕನ್ನಡ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಕೊಟ್ಟರೆ ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ. ‘ಎಫ್‌ಸಿ-ಮ್ಯಾಚ್ :ಲ್ಯಾಂಗ್=ಕೆಎನ್’ ಯಾವುದನ್ನು ಆರಿಸುತ್ತಿದೆ ಎಂದು ಹೇಳುತ್ತದೆ.

ಟೈಪಿಂಗಿಗೆ ಐಬಸ್ ಎಂಬ ಭಾಷಾ ಇನ್‌ಪುಟ್ ಪ್ರೋಗ್ರಾಂ ಬೇಕಿಲ್ಲ. ಇಡೀ ದಿನ ಹಿನ್ನೆಲೆಯಲ್ಲಿ ಕೂತು ಮೆಮೊರಿ ಹಿಡಿಯುವ ಡೀಮನ್ ಅದು. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಎಕ್ಸ್‌ಕೆಬಿಯೊಳಗೇ (ಡೆಸ್ಕ್‌ಟಾಪಿನ ಮೂಲ ಕೀಬೋರ್ಡ್ ವ್ಯವಸ್ಥೆ) ಇದೆ, ಹೆಚ್ಚಿನ ಪ್ರೊಸೆಸ್ ಒಂದೂ ಇಲ್ಲದೆ ನಡೆಯುತ್ತದೆ. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಪರಿಚಿತ. /ಇಟಿಸಿ/ಡೀಫಾಲ್ಟ್/ಕೀಬೋರ್ಡ್ ಫೈಲಿನಲ್ಲಿ ಎಕ್ಸ್‌ಕೆಬಿಲೇಔಟ್="ಯುಎಸ್,ಐಎನ್", ಎಕ್ಸ್‌ಕೆಬಿವೇರಿಯಂಟ್=",ಕೆಎಎನ್-ಕೆಎಜಿಎಪಿಎ", ಎಕ್ಸ್‌ಕೆಬಿಆಪ್ಷನ್ಸ್="ಜಿಆರ್‌ಪಿ:ಆಲ್ಟ್_ಶಿಫ್ಟ್_ಟಾಗಲ್". ಸಮಚಿಹ್ನೆಯ ಎಡಗಡೆಯದೆಲ್ಲ ದೊಡ್ಡಕ್ಷರ. ವೇರಿಯಂಟ್‌ನ ಮೊದಲ ಅಲ್ಪವಿರಾಮ ಬಿಟ್ಟರೆ ಕಗಪ ಹೋಗಿ ಇಂಗ್ಲಿಷ್ ಲೇಔಟಿಗೆ ಅಂಟಿಕೊಳ್ಳುತ್ತದೆ, ಹಾಗೊಂದು ವೇರಿಯಂಟ್ ಅಲ್ಲಿಲ್ಲವಾದ್ದರಿಂದ ಎರರ್ ಬರುತ್ತದೆ. ಯುಎಸ್ ಯಾವಾಗಲೂ ಮೊದಲಿರಲಿ. ಇದೇ ಫೈಲ್ ಕಪ್ಪು ಕನ್ಸೋಲಿಗೂ ಅನ್ವಯ, ಅಲ್ಲಿ ಕನ್ನಡ ಮೂಡುವುದಿಲ್ಲ, ಪಾಸ್‌ವರ್ಡ್ ಹೊಡೆಯಲೂ ಆಗದೆ ಕೂರಬೇಕಾದೀತು.

ಇನ್ನು ಒತ್ತಕ್ಷರ. ದಿನದ ಹೆಸರು ಕನ್ನಡದಲ್ಲಿ ಬರಲೆಂದು ಎಲ್‌ಸಿ_ಟೈಮ್ ಅನ್ನು ಕೆಎನ್_ಐಎನ್ (ಎಲ್‌ಸಿ_ಟೈಮ್, ಐಎನ್ ದೊಡ್ಡಕ್ಷರ) ಮಾಡಿದರೆ, ಪರದೆಯ ಮೇಲೆ ಮಾಹಿತಿ ತೋರಿಸುವ ಕಾಂಕಿಯಲ್ಲಿ ‘ಬುಧವಾರ’ ಚೆನ್ನಾಗಿ ಬರುತ್ತದೆ, ‘ಶುಕ್ರವಾರ’ ಒಡೆಯುತ್ತದೆ. ಕ, ಅರ್ಧಚಿಹ್ನೆ, ರ ಬಿಡಿಬಿಡಿಯಾಗಿ ನಿಲ್ಲುತ್ತವೆ. ಫಾಂಟ್ ಬದಲಿಸಿ ಲಾಭವಿಲ್ಲ. ಕಾಂಕಿ ಅಕ್ಷರ ಬಿಡಿಸುವುದು ಎಕ್ಸ್‌ಎಫ್‌ಟಿ ಮೂಲಕ, ಅದಕ್ಕೆ ಅಕ್ಷರ ಜೋಡಿಸುವ ವಿದ್ಯೆ ಇಲ್ಲ. ಆ ವಿದ್ಯೆ ಇರುವ ಪ್ಯಾಂಗೊ ಬಳಸುವ ಜಿಟಿಕೆ ಪ್ರೋಗ್ರಾಮುಗಳಲ್ಲಿ ಅದೇ ಪದ ಸರಿ ಕಾಣುತ್ತದೆ. ಹಾಗಾಗಿ ಸ್ಟಾರ್ಟಪ್ ಫೈಲಿನಲ್ಲಿ ಕಾಂಕಿಯ ಮುಂದೆ ‘ಎಲ್‌ಸಿ_ಟೈಮ್=ಸಿ’ ಎಂದು ಬರೆದು ಅದೊಂದನ್ನು ಇಂಗ್ಲಿಷಿಗೆ ಇಳಿಸಿದೆ; ಇಲ್ಲೂ ‘ಎಲ್‌ಸಿ_ಟೈಮ್’, ‘ಸಿ’ ಎರಡೂ ದೊಡ್ಡಕ್ಷರ. ಎಕ್ಸ್‌ಟರ್ಮ್‌ಗೂ ಇದೇ ರೋಗ. ಟರ್ಮಿನಲ್ಲಿನಲ್ಲಿ ಕನ್ನಡ ಓದಲೇಬೇಕಾದರೆ ಎಂಎಲ್‌ಟರ್ಮ್ ಪ್ರಯತ್ನಿಸಬಹುದು.

ಐಸ್‌ಡಬ್ಲ್ಯುಎಂ (ಇಲ್ಲಿನ ವಿಂಡೋ ಮ್ಯಾನೇಜರ್) ಪಟ್ಟಿಯಲ್ಲಿ ಕನ್ನಡ ಫೈಲ್ ಹೆಸರು ಚೌಕಗಳಾಗಿದ್ದರೆ ಅದು ಥೀಮಿನ ಫಾಂಟ್ ಸಮಸ್ಯೆ. ~/.ಐಸ್‌ಡಬ್ಲ್ಯುಎಂ/ಪ್ರಿಫರೆನ್ಸಸ್ ತಿದ್ದಿದರೂ ಬದಲಾಗುವುದಿಲ್ಲ, ಯಾಕೆಂದರೆ ಥೀಮ್ ಅದರ ಮೇಲೆ ಕೂರುತ್ತದೆ. ಥೀಮಿನ ಮೇಲೂ ಕೂರುವ ಫೈಲ್ ಪ್ರಿಫ್‌ಓವರ್‌ರೈಡ್. ಅದೇ ಫೋಲ್ಡರಿನಲ್ಲಿ ಹೊಸದಾಗಿ ಮಾಡಿ, ಫಾಂಟ್ ಸಾಲುಗಳನ್ನು ಅದರಲ್ಲಿ ಬರೆಯಬೇಕು. ‘ಕಿಲ್‌ಆಲ್ -ಎಚ್‌ಯುಪಿ ಐಸ್‌ಡಬ್ಲ್ಯುಎಂ’ ಕೊಟ್ಟರೆ ತೆರೆದ ವಿಂಡೋಗಳು ಹೋಗದೆ ಹೊಸ ಸೆಟ್ಟಿಂಗ್ ಬರುತ್ತದೆ, ಎಚ್‌ಯುಪಿ ದೊಡ್ಡಕ್ಷರ.

16 ನವೆಂಬರ್, ಭಾನುವಾರ

ಪ್ರಿಂಟರ್, ಬ್ಲೂಟೂತ್ ಬೇಡ: ‘ಸುಡೊ ಅಪ್‌ಡೇಟ್-ಆರ್‌ಸಿ.ಡಿ ಕಪ್ಸ್ ಡಿಸೇಬಲ್’, ಹಾಗೆಯೇ ಬ್ಲೂಟೂತ್. ಫೈಲ್ ಓದಿದಾಗಲೆಲ್ಲ ಹೊತ್ತನ್ನು ಡಿಸ್ಕಿಗೆ ಬರೆಯದಿರಲು ಎಫ್‌ಎಸ್‌ಟ್ಯಾಬ್‌ನಲ್ಲಿ ನೋಏಟೈಮ್.

ಇದೇ ಮಾದರಿಯ ಇನ್ನೊಂದು ಮಷೀನಿಗೆ ಹಾಕಲು ಐಎಸ್ಒ-ಸ್ನ್ಯಾಪ್‌ಶಾಟ್ ಓಡಿಸಿದೆ, ಅದು ಇಡೀ ಸಿಸ್ಟಂ ಅನ್ನು ಒಂದು ಐಎಸ್ಒ ಮಾಡುತ್ತದೆ. ಫೈಲ್ /ಹೋಮ್/ಸ್ನ್ಯಾಪ್‌ಶಾಟ್‌ನಲ್ಲಿ ಬೀಳುತ್ತದೆ. ಫ್ಯಾಟ್32 ಪೆನ್‌ಡ್ರೈವಿಗೆ ನಕಲು ಮಾಡುವುದಾದರೆ 4 ಜಿಬಿ ಮೀರಬಾರದು, ಮುಂಚೆ ‘ಆಪ್ಟ್ ಕ್ಲೀನ್’ ಕೊಡಿ. ಬೇರೆಯವರಿಗೆ ಕೊಡುವ ಪ್ರತಿಗೆ ‘ರೀಸೆಟ್ ಅಕೌಂಟ್ಸ್’ ಆರಿಸಬೇಕು. ಆಗ ಹೋಮ್ ಫೋಲ್ಡರ್ ಒಳಗೆ ಬರುವುದಿಲ್ಲ, ತಿದ್ದಿದ ಐಸ್‌ಡಬ್ಲ್ಯುಎಂ ಸೆಟ್ಟಿಂಗೂ ಬರುವುದಿಲ್ಲ. ಅದು ಉಳಿಯಬೇಕಾದರೆ ~/.ಐಸ್‌ಡಬ್ಲ್ಯುಎಂ ಮತ್ತು ~/.ಡೆಸ್ಕ್‌ಟಾಪ್-ಸೆಷನ್ ಎರಡನ್ನೂ ಮೊದಲೇ /ಇಟಿಸಿ/ಸ್ಕೆಲ್‌ಗೆ ನಕಲು ಮಾಡಿರಬೇಕು. /ವಾರ್/ಲಿಬ್/ಕಾನ್‌ಮ್ಯಾನ್ ಒಳಗೆ ‘ವೈಫೈ_’ ಎಂದು ಶುರುವಾಗುವ ಫೋಲ್ಡರುಗಳನ್ನೂ ಅಳಿಸಿ. ಮನೆಯ ವೈಫೈ ಪಾಸ್‌ವರ್ಡ್ ಅಲ್ಲಿ ಯಾರು ಬೇಕಾದರೂ ಓದುವ ಹಾಗೆ ಬಿಡಿ ಅಕ್ಷರದಲ್ಲಿ ಕೂತಿರುತ್ತದೆ.