ರಾತ್ರಿ 9.30ಕ್ಕೆ ಕರೆಂಟ್ ಕಟ್

ಆಟಿ ತಿಂಗಳ ಮಳೆ. ಬೆಳಿಗ್ಗೆಯಿಂದ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಸಂತೆಕಟ್ಟೆಯಲ್ಲಿ ಇಳಿಯುವಾಗ ಏಳು ದಾಟಿತ್ತು. ಮನೆಗೆ ಬಂದರೆ ಅಪ್ಪ ಚಾವಡಿಯಲ್ಲಿ ಸುಮ್ನೆ ಕೂತಿದ್ದರು. ಟಿವಿ ಹಾಕಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಫೋನು ಪೇಪರಿನ ಅಡಿಯಲ್ಲಿತ್ತು.

"ಎಂತ ಅಪ್ಪ, ಹುಷಾರಿಲ್ವಾ?"

"ಎಂತ ಇಲ್ಲ. ನೀನು ಒದ್ದೆ ಬಟ್ಟೆ ಬದಲಿಸು."

ಊಟಕ್ಕೆ ಕೂತಾಗಲೂ ಗಂಜಿಯಲ್ಲಿ ಚಮಚ ಆಡಿಸುತ್ತಿದ್ದರೇ ಹೊರತು ಬಾಯಿಗೆ ಇಡಲಿಲ್ಲ. ಅಮ್ಮ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಒಂದು ತಪ್ಪಾಯ್ತು ಮಗಾ. ನಿನ್ನ ಅಮ್ಮನಿಗೆ ಹೇಳ್ಬೇಡ." ಆಗ ಎಂಟೂವರೆ. ದುಡ್ಡು ಹೋಗಿದ್ದು ಆರು ಗಂಟೆ ಸುಮಾರಿಗೆ.

ನಡೆದದ್ದು ಇಷ್ಟು. ಬೆಳಿಗ್ಗೆ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿತ್ತು. ಸಂಜೆ ನಾಲ್ಕಕ್ಕೆ ಬಂತು. ಐದೂವರೆಗೆ ಅಪ್ಪನ ಫೋನಿಗೆ ಮೆಸೇಜು: ಕಳೆದ ತಿಂಗಳ ಬಿಲ್ಲು ಅಪ್ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟ್ ಕಟ್ ಮಾಡಲಾಗುತ್ತದೆ, ಕೂಡಲೇ ನಮ್ಮ ಆಫೀಸರಿಗೆ ಫೋನ್ ಮಾಡಿ. ಕೆಳಗೆ ಒಂದು ಸಾಮಾನ್ಯ ಮೊಬೈಲ್ ನಂಬರು.

ಅಮ್ಮನಿಗೆ ದಮ್ಮಿನ ಕಾಯಿಲೆ ಉಂಟು. ಮಳೆಗಾಲದಲ್ಲಿ ರಾತ್ರಿ ನೆಬ್ಯುಲೈಸರ್ ಇಡಲೇಬೇಕು. ನಮ್ಮ ಇನ್ವರ್ಟರಿನ ಬ್ಯಾಟರಿ ಹಳೆಯದು. ಹಗಲಿಡೀ ಕರೆಂಟಿಲ್ಲದೆ ಅದೂ ಖಾಲಿಯಾಗಿತ್ತು. ಅಪ್ಪನ ಕಣ್ಣ ಮುಂದೆ ಬಂದದ್ದು ಬಿಲ್ಲಲ್ಲ, ರಾತ್ರಿ ಅಮ್ಮ ಉಸಿರಿಗೆ ಒದ್ದಾಡುವುದು. ಇಂಥ ಮೋಸಕ್ಕೆ ಸಿಕ್ಕಿಬಿದ್ದವರನ್ನು ಯಾರಾದರೂ ದಡ್ಡರು ಎಂದರೆ ನನಗೆ ಈಗ ಸಹಿಸಲು ಆಗುವುದಿಲ್ಲ. ನಮ್ಮ ಅಪ್ಪ ನಲವತ್ತು ವರ್ಷ ಅಂಗಡಿಯ ಲೆಕ್ಕ ಬರೆದವರು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಪುಸ್ತಕ ಮುಚ್ಚುತ್ತಿರಲಿಲ್ಲ.

ಫೋನ್ ಎತ್ತಿದವನು ಒಳ್ಳೆಯ ಕನ್ನಡದಲ್ಲಿ ಮಾತಾಡಿದನಂತೆ. ಅಪ್ಪ "ನಾನು ಬಿಲ್ ಕಟ್ಟಿದ್ದೇನೆ, ರಸೀದಿ ಉಂಟು" ಎಂದರೆ ಅವನು ವಾದ ಮಾಡಲಿಲ್ಲ. "ಹೌದು ಸರ್, ನೀವು ಕಟ್ಟಿದ್ದೀರಿ, ತಪ್ಪು ನಮ್ಮ ಸಿಸ್ಟಮ್‌ನದ್ದು" ಎಂದ. ಅಲ್ಲಿಗೆ ಅಪ್ಪನ ಅನುಮಾನ ಅರ್ಧ ಕರಗಿತು. ಆಮೇಲೆ ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿದ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಒತ್ತಿದಾಗ ಫೋನೇ ಎಚ್ಚರಿಕೆ ಕೊಟ್ಟಿತು, ಇದು ಅಪಾಯ ಇರಬಹುದು ಅಂತ. "ಅದು ಎಲ್ಲರ ಫೋನಿನಲ್ಲೂ ಬರ್ತದೆ ಸರ್, ಅಲೋ ಒತ್ತಿ." ಮೆಸೇಜ್ ಓದಲು ಅನುಮತಿ ಕೇಳಿತು. ಅದಕ್ಕೂ ಅಲೋ.

ನಮ್ಮ ಕಡೆಯ ಕರೆಂಟ್ ಕಂಪನಿ ಮೆಸ್ಕಾಂನ ಪುಟದ ಹಾಗೆಯೇ ಕಾಣುವ ಒಂದು ಪುಟ ತೆರೆಯಿತು. ಕಟ್ಟಬೇಕಾದ್ದು ಬರೀ 10 ರೂಪಾಯಿ. ಎಟಿಎಂ ಕಾರ್ಡಿನ ನಂಬರು, ತಾರೀಕು, ಹಿಂಬದಿಯ 3 ಅಂಕೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ತುಂಬಿಸಿದರು. ಕೊನೆಗೆ ಅವನು ಹೇಳಿದ ಮಾತು ಕೇಳಿ: "ಒಂದು ಒಟಿಪಿ ಬರ್ತದೆ ಸರ್. ಅದನ್ನು ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ."

ನಾವೆಲ್ಲ ಮನೆಯ ಹಿರಿಯರಿಗೆ ಹೇಳಿಕೊಟ್ಟದ್ದು ಒಂದೇ ಪಾಠ ಅಲ್ವಾ? ಒಟಿಪಿ ಹೇಳಬೇಡಿ, ಒಟಿಪಿ ಹೇಳಬೇಡಿ. ಕಳ್ಳ ಅದೇ ಪಾಠ ಒಪ್ಪಿಸಿ ಅಪ್ಪನ ನಂಬಿಕೆ ಗಳಿಸಿದ. ಅವನಿಗೆ ಕೇಳುವ ಅಗತ್ಯವೇ ಇರಲಿಲ್ಲ. ಆ ಆ್ಯಪ್ ಬಂದ ಒಟಿಪಿಯನ್ನು ತಾನೇ ಓದಿ ಅವನಿಗೆ ಕಳಿಸುತ್ತಿತ್ತು. ಏಳೆಂಟು ನಿಮಿಷದೊಳಗೆ ಎರಡು ಸಲ ದುಡ್ಡು ಹೋಯಿತು. 49,500 ಮತ್ತು 38,000.

ಆದರೆ ನನ್ನನ್ನು ಈಗಲೂ ಕೊರೆಯುವುದು ಆರು ಗಂಟೆಯಿಂದ ಎಂಟೂವರೆವರೆಗಿನ ಸಮಯ. ಏಳರ ಮೇಲೆ ನಾನು ಅವರ ಎದುರೇ ಓಡಾಡಿಕೊಂಡಿದ್ದೆ. ಯಾಕೆ ಹೇಳಲಿಲ್ಲ? ಎರಡು ತಿಂಗಳ ಹಿಂದೆ ಅವರು ಉಚಿತ ರೀಚಾರ್ಜ್ ಎಂಬ ಯಾವುದೋ ಲಿಂಕ್ ಒತ್ತಿದ್ದರು. ಆಗ ನೆಂಟರ ಎದುರೇ ನಾನು ಜೋರಾಗಿ ಬೈದಿದ್ದೆ. "ಎಷ್ಟು ಸಲ ಹೇಳ್ಬೇಕು ನಿಮಗೆ, ಗೊತ್ತಾಗುದಿಲ್ವಾ?" ಅಪ್ಪ ಅವತ್ತು ಏನೂ ಹೇಳದೆ ಎದ್ದು ಹೋಗಿದ್ದರು. ಆ ಬೈಗುಳವೇ ಈ ಸಂಜೆ ಅವರ ಬಾಯಿ ಕಟ್ಟಿ ಹಾಕಿತ್ತು.

ಈ ಸಲ ಬೈಯಲಿಲ್ಲ. "ಆಯ್ತಪ್ಪ, ನೋಡುವ" ಎಂದು ಮೊದಲು ಅವರ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಸಿಮ್ ತೆಗೆದೆ. ನನ್ನ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ಒಂದೆರಡು ಸಲ ಲೈನ್ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಯಾವ ಬ್ಯಾಂಕು, ಖಾತೆ ನಂಬರು, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು, ಮೆಸೇಜಿನಲ್ಲಿರುವ ವ್ಯವಹಾರದ ನಂಬರು, ಇಷ್ಟು ಕೇಳಿದರು. ಅಷ್ಟರಲ್ಲಿ ಅಮ್ಮ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದರು. ಹೌದು, ಅಮ್ಮನಿಗೂ ಹೇಳಿದೆವು. ಬ್ಯಾಂಕಿನ ನಂಬರನ್ನು ಗೂಗಲಿನಲ್ಲಿ ಹುಡುಕಲೇಬೇಡಿ. ಅಲ್ಲಿಯೂ ಕಳ್ಳರ ನಂಬರುಗಳು ಕೂತಿರುತ್ತವೆ. ಕಾರ್ಡಿನ ಮೇಲೆ, ಪಾಸ್‌ಬುಕ್ಕಿನ ಮೇಲೆ ಇರುವುದೇ ಸರಿ.

ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗುಟ್ಟಿನ ವಿವರವನ್ನು ನಾವೇ ಕೊಟ್ಟು ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಇದು ಗೊತ್ತಾದಾಗ ಆ ಎರಡೂವರೆ ಗಂಟೆಯ ಬೆಲೆ ಏನೆಂದು ನನಗೆ ಅರ್ಥವಾಯಿತು. ಅಷ್ಟು ಹೊತ್ತು ಕಾರ್ಡು ತೆರೆದೇ ಇತ್ತು. ಖಾತೆಯಲ್ಲಿ ಇನ್ನೂ ದುಡ್ಡಿತ್ತು.

ಮರುದಿನ ಉಡುಪಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ಅಲ್ಲಿದ್ದವರು ಅಪ್ಪನನ್ನು ಕೂರಿಸಿ, ನಿಧಾನಕ್ಕೆ ಮಾತಾಡಿಸಿದರು. ಕಳ್ಳರ ಖಾತೆಯಿಂದ ಖಾತೆಗೆ ದುಡ್ಡು ದಾಟುತ್ತಾ ಹೋಗುತ್ತದೆ, ಬೇಗ ತಿಳಿಸಿದರೆ ನಡುವೆ ಎಲ್ಲಾದರೂ ಹಿಡಿದಿಡಬಹುದು ಎಂದರು. ನಮ್ಮದರಲ್ಲಿ 31,000 ರೂಪಾಯಿ ಹಾಗೆ ಒಂದು ಕಡೆ ತಡೆಹಿಡಿಯಲಾಗಿತ್ತು. ಉಳಿದದ್ದು ಸಿಗಲಿಲ್ಲ. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿಸಿಕೊಂಡೆವು.

ಅದೇ ವಾರ ನಮ್ಮ ಕಡೆಯ ಲೈನ್‌ಮ್ಯಾನ್ ಸಿಕ್ಕಿದರು. ಅಪ್ಪ ಈಗಲೂ ಕೆಇಬಿಯವರು ಎಂದೇ ಕರೆಯುವುದು. "ರಾತ್ರಿ ಒಂಬತ್ತೂವರೆಗೆ ಕಟ್ ಮಾಡ್ಲಿಕ್ಕೆ ನಾವು ಬರುದುಂಟಾ ಮಾರಾಯ್ರೆ?" ಎಂದರು. ಆಮೇಲೆ ಓದಿ ನೋಡಿದೆ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಾಕಿ ಇದ್ದರೂ ಕನಿಷ್ಠ 15 ದಿನದ ಲಿಖಿತ ನೋಟಿಸು ಕೊಡದೆ ಕರೆಂಟು ಕಟ್ ಮಾಡುವ ಹಾಗಿಲ್ಲ. ಅನುಮಾನ ಬಂದರೆ ಮೆಸ್ಕಾಂನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕೇಳಬಹುದು. ಈಗ ಈ ನಂಬರು ನಮ್ಮ ಮೀಟರ್ ಬೋರ್ಡಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಉಂಟು.

ಮುಂದಿನ ಶನಿವಾರ ಅಪ್ಪ ಭಜನೆಗೆ ಹೋದರು. ನಾನು ಹೇಳಿರಲಿಲ್ಲ, ಅವರೇ ನಿರ್ಧಾರ ಮಾಡಿದ್ದು. ಮಂಗಳಾರತಿ ಆದ ಮೇಲೆ ಎದ್ದು ನಿಂತು, ಮೆಸೇಜಿನಿಂದ ಹಿಡಿದು ಒಟಿಪಿಯವರೆಗೆ ಎಲ್ಲ ಹೇಳಿದರಂತೆ. ಎಷ್ಟು ದುಡ್ಡು ಹೋಯಿತೆಂದೂ ಮುಚ್ಚಿಡಲಿಲ್ಲ.

ಅದು ಆಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಪಕ್ಕದ ಓಣಿಯ ರಿಟೈರ್ಡ್ ಟೀಚರ್ ನಡುಗುತ್ತಾ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಫೋನು, ವಿಡಿಯೋ ಕಾಲ್ ಇನ್ನೂ ನಡೆಯುತ್ತಿತ್ತು. ಪರದೆಯಲ್ಲಿ ಖಾಕಿ ಹಾಕಿದವನೊಬ್ಬ. ಅವರ ಆಧಾರ್ ಬಳಸಿ ಯಾರೋ ಮಾದಕ ವಸ್ತು ಕಳಿಸಿದ್ದಾರಂತೆ, ಅವರನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆಯಂತೆ, ಯಾರಿಗೂ ಹೇಳುವಂತಿಲ್ಲವಂತೆ. ನಮ್ಮ ಕಾನೂನಿನಲ್ಲಿ ಹಾಗೊಂದು ಅರೆಸ್ಟೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲೂ ಇದನ್ನೇ ಹೇಳಿದ್ದರು. ಅಪ್ಪ ಫೋನ್ ತೆಗೆದುಕೊಂಡು ಕಾಲ್ ಕಟ್ ಮಾಡಿದರು. "ಕೂತ್ಕೊಳ್ಳಿ ಟೀಚರ್, ಮೊದ್ಲು ನೀರು ಕುಡೀರಿ" ಎಂದರು.

ತಡೆಹಿಡಿದ ದುಡ್ಡು ಕೋರ್ಟಿನ ಆದೇಶವಾಗಿ ಮಾರ್ಚಿನಲ್ಲಿ ಬಂತು. ಖಾತೆಗೆ 31,000 ಜಮಾ ಎಂದು ಮೆಸೇಜು ಬಂದಾಗ ಅಪ್ಪ ಅದನ್ನು ನಂಬಲಿಲ್ಲ. ಅಂಗಿ ಹಾಕಿಕೊಂಡು, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಹೋದರು. ಎಂಟ್ರಿ ಹಾಕಿಸಿಕೊಂಡು ಬಂದವರು ನೇರ ಅಡುಗೆಮನೆಗೆ ಹೋಗಿ, ದೋಸೆ ಹೊಯ್ಯುತ್ತಿದ್ದ ಅಮ್ಮನಿಗೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.