ತೋಟದ ಮನೆಯಿಂದ ಪ್ಯಾಚ್ ಕಳುಹಿಸುವುದು

ಶಿರಸಿಯಿಂದ ಒಳಗೆ, ಅಡಿಕೆ ತೋಟದ ಅಂಚಿನ ಮನೆಯಲ್ಲಿ ಕುಳಿತು ನಾನು ಮುಕ್ತ ತಂತ್ರಾಂಶದ ಕೆಲಸ ಮಾಡುತ್ತೇನೆ. ಪಠ್ಯವನ್ನು ಜಾಗಕ್ಕೆ ತಕ್ಕಂತೆ ಮೊಟಕು ಮಾಡಿ ಲೇಬಲ್‌ಗಳ ಮೇಲೆ ಕೂರಿಸುವ ಒಂದು ಸಣ್ಣ ಲೈಬ್ರರಿಯ ನಿರ್ವಾಹಕರಲ್ಲಿ ನಾನೂ ಒಬ್ಬ. "ಪುಕ್ಕಟೆ ಹಂಚುವ ಸಾಮಾನಿಗೆ ಸಂಬಳ ಕೊಡುವವರು ಯಾರು ತಮ್ಮಾ?" ಎಂದು ಊರಿನ ಹಿರಿಯರು ಕೇಳುತ್ತಿರುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕೋಡ್ ಎಲ್ಲರಿಗೂ ಉಚಿತ. ಆದರೆ ಅದನ್ನು ತನ್ನ ಯಂತ್ರಗಳಲ್ಲಿ ತುಂಬಿಸಿ ಮಾರುವ ಕಂಪನಿಗೆ ಅದು ಕೆಡದಂತೆ ನೋಡಿಕೊಳ್ಳುವವರು ಬೇಕು, ದುಡ್ಡು ಬರುವುದು ಅದಕ್ಕೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಬಹುಪಾಲು ಕೆಲಸವನ್ನು ಇಂದು ಮಾಡುತ್ತಿರುವವರೂ ಕಂಪನಿಗಳ ಸಂಬಳದಲ್ಲಿರುವವರೇ. ನನ್ನ ಹಣ ಯುರೋದಲ್ಲಿ ಬರುತ್ತದೆ. ಪ್ರತಿ ಸಲವೂ ಬ್ಯಾಂಕಿನವರಿಗೆ ಪಿ0802 ಎಂಬ ಪರ್ಪಸ್ ಕೋಡ್ ಬರೆದುಕೊಟ್ಟು, ಇದು ವಿದೇಶದಲ್ಲಿರುವ ಮಗ ಕಳುಹಿಸಿದ ಹಣವಲ್ಲ, ತಂತ್ರಾಂಶದ ಕೆಲಸಕ್ಕೆ ಬಂದ ಕೂಲಿ ಎಂದು ತಿಳಿಸಿ ಹೇಳಬೇಕು.

ಹಳ್ಳಿಯಲ್ಲಿ ಈ ಕೆಲಸ ಹೇಗೆ ಸಾಧ್ಯ ಎನ್ನುವವರಿಗೆ ನನ್ನ ಉತ್ತರ ಗಿಟ್, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆಯುವಾಗ ಮಲೆನಾಡಿನ ಮಳೆ ಅವರ ತಲೆಯಲ್ಲಿ ಇದ್ದಿರಲಾರದು. ಆದರೂ ನಮಗಾಗಿಯೇ ಮಾಡಿದಂತಿದೆ. ಯೋಜನೆಯ ಪೂರ್ತಿ ಇತಿಹಾಸ ನನ್ನ ಡಿಸ್ಕಿನಲ್ಲೇ ಇರುತ್ತದೆ. ಯಾವ ಸಾಲನ್ನು ಯಾರು ಯಾವಾಗ ಏಕೆ ಬದಲಿಸಿದರು ಎಂದು ಹುಡುಕುವುದಕ್ಕೂ, ದೋಷ ಯಾವ ಬದಲಾವಣೆಯಿಂದ ಹೊಕ್ಕಿತು ಎಂದು ಬೈಸೆಕ್ಟ್ ಮಾಡಿ, ಅಂದರೆ ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಹೋಗಿ, ಹಿಡಿಯುವುದಕ್ಕೂ ಇಂಟರ್ನೆಟ್ ಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗಿನ ಸದ್ದು ದೂರದಲ್ಲಿ ಕೇಳಿದರೂ ನಮ್ಮ ಕಡೆ ರೌಟರ್, ಟಿವಿ, ಇನ್ವರ್ಟರ್ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ಫೈಬರ್ ಬಂದ ಮೇಲೆ ಇಂಟರ್ನೆಟ್ಟಿನ ದಾರಿಯಿಂದ ಸಿಡಿಲಿನ ಭಯ ತಪ್ಪಿತು, ಕರೆಂಟಿನ ದಾರಿ ಮಾತ್ರ ತೆರೆದೇ ಇದೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಇರುವವರೆಗೆ ಲ್ಯಾಪ್‌ಟಾಪಿನ ಕೆಲಸ ನಿಲ್ಲುವುದಿಲ್ಲ. ಮಳೆ ಬಿಟ್ಟ ಮೇಲೆ ಪ್ಯಾಚ್ ಅನ್ನು, ಅಂದರೆ ಬದಲಿಸಿದ ಸಾಲುಗಳ ಕಡತವನ್ನು, ಇಮೇಲ್‌ನಲ್ಲಿ ಕಳುಹಿಸಿದರಾಯಿತು. ಕರ್ನಲ್‌ನವರು ಇಂದಿಗೂ ಪ್ಯಾಚ್‌ಗಳನ್ನು ಇಮೇಲ್‌ನಲ್ಲೇ ಸಾಗಿಸುತ್ತಾರೆ. ಕೆಲವು ಕಿಲೋಬೈಟ್‌ಗಳ ಪತ್ರಕ್ಕೆ ಮೊಬೈಲಿನ ಒಂದೇ ಕಡ್ಡಿ ಸಿಗ್ನಲ್ ಸಾಕು.

ದೊಡ್ಡ ಯೋಜನೆಯನ್ನು ಮೊದಲ ಸಲ ಇಳಿಸಿಕೊಳ್ಳುವುದು ಮಾತ್ರ ಕಷ್ಟ. ಗಿಟ್ ಕ್ಲೋನ್ ಎಂಬ ಈ ಇಳಿಕೆ ನಡುವೆ ಕಡಿದರೆ ಮತ್ತೆ ಮೊದಲಿನಿಂದಲೇ ಶುರು. ಅದಕ್ಕೆ ಗಿಟ್ ಬಂಡಲ್ ಎಂಬ ಉಪಾಯವಿದೆ: ಇಡೀ ಭಂಡಾರವನ್ನು ಒಂದೇ ಕಡತ ಮಾಡಿ ಪೆನ್‌ಡ್ರೈವಿಗೆ ಹಾಕಬಹುದು. ಬೆಂಗಳೂರಿನ ಗೆಳೆಯರು ಮಾಡಿಕೊಟ್ಟ ಬಂಡಲ್ ರಾತ್ರಿ ಬಸ್ಸಿನಲ್ಲಿ ಯಾರದೋ ಜೇಬಿನಲ್ಲಿ ಶಿರಸಿ ತಲುಪಿದ್ದುಂಟು.

ಇದೆಲ್ಲ ಉಪಕರಣಗಳ ಮಾತಾಯಿತು. ನನ್ನ ಕೆಲಸದ ರೀತಿಯನ್ನು ನಿಜವಾಗಿ ಬದಲಿಸಿದ್ದು ಉತ್ತರ ತಡವಾಗಿ ಬರುತ್ತದೆ ಎಂಬ ಸಂಗತಿ. ಬೆಂಗಳೂರಿನ ಕಚೇರಿಯಲ್ಲಿದ್ದಾಗ ಅರ್ಧ ಪ್ರಶ್ನೆ ಕೇಳಿದರೆ ಸಾಕಿತ್ತು, ಉಳಿದರ್ಧ ಚಹಾ ಕುಡಿಯುವಾಗ ಬಗೆಹರಿಯುತ್ತಿತ್ತು. ಈಗ ಪರಿಶೀಲಿಸುವವರು ಒಬ್ಬರು ಜರ್ಮನಿಯಲ್ಲಿ, ಇನ್ನೊಬ್ಬರು ಅಮೆರಿಕದ ಪಶ್ಚಿಮ ತೀರದಲ್ಲಿ. ಜರ್ಮನಿಯವರಿಗೆ ಬೆಳಗಾಗುವಾಗ ನನಗೆ ಮಧ್ಯಾಹ್ನ, ಅಮೆರಿಕದವರಿಗೆ ಬೆಳಗಾಗುವಾಗ ರಾತ್ರಿ. ಹೆಚ್ಚಿನ ಸಲ ಅವರ ಪ್ರಶ್ನೆ ನಾನು ಮಲಗಿದ ಮೇಲೆ ಬರುತ್ತದೆ, ನನ್ನ ಉತ್ತರ ಅವರು ಮಲಗಿದ ಮೇಲೆ ಹೋಗುತ್ತದೆ, ನಡುವೆ ಒಂದು ಮರ ಲೈನಿನ ಮೇಲೆ ಬಿದ್ದರೆ ಇನ್ನೆರಡು ದಿನ. ಹೀಗಿರುವಾಗ ಅವರು ಕೇಳಬಹುದಾದುದನ್ನೆಲ್ಲ ಮೊದಲೇ ಬರೆದಿಡುವುದು ಶಿಸ್ತಿಗಿಂತ ಹೆಚ್ಚಾಗಿ ಗತ್ಯಂತರವಿಲ್ಲದ ಕೆಲಸ.

ಒಂದು ಉದಾಹರಣೆ. ನಮ್ಮ ಲೈಬ್ರರಿ ಉದ್ದದ ಪಠ್ಯವನ್ನು ಬೈಟ್ ಎಣಿಸಿ ಕತ್ತರಿಸುತ್ತಿತ್ತು. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದ ಲೇಬಲ್‌ನಲ್ಲಿ ಕೊನೆಯ ಅಕ್ಷರ ಒಡೆದು ಪ್ರಶ್ನೆ ಚಿಹ್ನೆಯ ಕಪ್ಪು ವಜ್ರ ಮೂಡುತ್ತಿತ್ತು. ಸರಿಪಡಿಸುವ ಕೋಡ್ ಒಂದು ಸಂಜೆಯ ಕೆಲಸ, ಆದರೆ ಅದೇಕೆ ಬೇಕು ಎಂದು ಕನ್ನಡ ಓದದವರಿಗೆ ಹೇಳಬೇಕಲ್ಲ. ‘ಸ್ತ್ರೀ’ಯನ್ನು ತೆಗೆದುಕೊಂಡೆ. ಓದುವವನ ಕಣ್ಣಿಗೆ ಅದು ಒಂದೇ ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ ಸ್ವರಚಿಹ್ನೆ ಎಂದು 6 ಸಂಕೇತ. ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಬೈಟ್ ಎಣಿಸದೆ ಸಂಕೇತಗಳನ್ನು ಎಣಿಸಿದರಾಯಿತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗೆ ಮಾಡಿದರೆ ಕಪ್ಪು ವಜ್ರ ಹೋಗುತ್ತದೆ, ಆದರೆ ‘ಸ್ತ್ರೀ’ ‘ಸ್ತ್’ ಆಗಿ ಉಳಿಯುತ್ತದೆ. ಯಾವ ಸಂಕೇತಗಳನ್ನು ಒಟ್ಟಿಗೇ ಇಡಬೇಕು ಎಂದು ಯೂನಿಕೋಡ್‌ನವರೇ ಹೇಳಿರುವ ಅಕ್ಷರಗುಚ್ಛದ ನಿಯಮವನ್ನು ಬಳಸಬಹುದಲ್ಲ ಎನ್ನುವುದು ಅದರ ಮುಂದಿನ ಪ್ರಶ್ನೆ. ಇಲ್ಲಿ ನಮಗೆ ಇನ್ನೊಂದು ತೊಡಕು. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ನಿಯಮವನ್ನು ಇದ್ದಂತೆಯೇ ಪಾಲಿಸಿದರೆ ನಮ್ಮ ‘ಸ್ತ್ರೀ’ ಸ್, ತ್, ರೀ ಎಂದು ಮೂರು ತುಂಡಾಗುತ್ತದೆ. ಒಂದು, ಮೂರು, ಆರು, ಹದಿನೆಂಟು: ಎಣಿಸುವವನು ಯಾರು ಎಂಬುದರ ಮೇಲೆ ನಾಲ್ಕು ಉತ್ತರ.

ಇಷ್ಟನ್ನೂ, ಪ್ರತಿ ದಾರಿಯಲ್ಲಿ ಲೇಬಲ್ ಹೇಗೆ ಕಾಣುತ್ತದೆ ಎಂಬ ಚಿತ್ರಗಳೊಂದಿಗೆ, ಬದಲಾವಣೆಯ ಜೊತೆಗೇ ದಾಖಲಾಗುವ ಕಮಿಟ್ ಸಂದೇಶದಲ್ಲಿ ಮತ್ತು ಅದಕ್ಕೆ ಜೋಡಿಸಿದ ಪತ್ರದಲ್ಲಿ ಬರೆದೆ. ಕೋಡ್ ಮೂವತ್ತು ಸಾಲೂ ಇರಲಿಲ್ಲ, ವಿವರಣೆ ಅದಕ್ಕಿಂತ ಉದ್ದವಿತ್ತು. ಒಂದೇ ಒಂದು ಪ್ರಶ್ನೆ ಬರಲಿಲ್ಲ, ಪ್ಯಾಚ್ ಸೇರಿತು. ಬಹಳ ಕಾಲದ ಮೇಲೆ ಬೇರೊಬ್ಬರು ಕಾಂಬೋಡಿಯಾದ ಖ್ಮೇರ್ ಲಿಪಿಯ ಇಂಥದೇ ದೋಷ ಸರಿಪಡಿಸುವಾಗ ಆ ಸಾಲಿನ ಇತಿಹಾಸ ತೆಗೆದು, ನನ್ನ ವಿವರಣೆಯನ್ನು ಓದಿ, ನನ್ನನ್ನು ಕೇಳದೆಯೇ ಮುಂದುವರಿದಿದ್ದರು. ಏನು ಬದಲಾಯಿತು ಎಂಬುದನ್ನು ಕೋಡ್ ತಾನೇ ತೋರಿಸುತ್ತದೆ. ಬೇರೆ ದಾರಿಗಳನ್ನು ಏಕೆ ಬಿಟ್ಟೆವು ಎಂಬುದನ್ನು ಮನುಷ್ಯರೇ ಬರೆಯಬೇಕು.

ಈ ಅಭ್ಯಾಸ ಊರಿನ ವ್ಯವಹಾರಕ್ಕೂ ಹಬ್ಬಿದೆ. ಲೈನ್‌ಮನ್‌ಗೆ ಫೋನ್ ಮಾಡಿ "ಕರೆಂಟಿಲ್ಲ ಮಾರಾಯರೇ" ಎಂದರೆ ಆತನಿಗೆ ತಿಳಿಯುವುದು ಏನೂ ಇಲ್ಲ. ಆ ಹೊತ್ತಿಗೆ ಇಡೀ ಸೀಮೆಯೇ ಅದನ್ನು ಹೇಳುತ್ತಿರುತ್ತದೆ. "ಮನೆಗೆ ಕರೆಂಟಿದೆ, ಪಂಪ್ ಗುಂಯ್ ಎನ್ನುತ್ತದೆ, ತಿರುಗುತ್ತಿಲ್ಲ, ಒಂದು ಫೇಸ್ ಇಲ್ಲ, ಕೆಳಗಿನ ಕೇರಿಯಲ್ಲಿ ಮೂರೂ ಇವೆ" ಎಂದರೆ ಆತ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಈಚೆಯ ಯಾವ ಕಂಬ ನೋಡಬೇಕೆಂದು ಹೊರಡುವ ಮೊದಲೇ ಲೆಕ್ಕ ಹಾಕುತ್ತಾನೆ. ದೋಷ ವರದಿಯೂ ಅಷ್ಟೆ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಎಲ್ಲಿ ಸರಿಯಿದೆ. ಈ ಕೊನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಹುಡುಕಾಟವನ್ನು ಅರ್ಧಕ್ಕೆ ಇಳಿಸುವುದು ಅದೇ.

ತಡವಾಗುವುದು ತಪ್ಪೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಜುಲೈ ತಿಂಗಳಲ್ಲಿ ಎರಡು ದಿನ ಬಿಸಿಲು ಕಂಡು, ಮರ ಹತ್ತುವ ಕೊನೆಗೌಡನೂ ಸಿಕ್ಕ ಎಂದರೆ ಆ ದಿನ ಮನೆಯವರೆಲ್ಲ ತೋಟದಲ್ಲೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲೆಸುತ್ತಿರುವವನಿಗೆ "ನನ್ನ ಪ್ಯಾಚ್ ಕಳುಹಿಸಿ ಹತ್ತು ದಿನವಾಯಿತು" ಎಂಬ ಇಮೇಲ್ ಬಂದರೆ ಎದೆ ಸ್ವಲ್ಪ ಬಡಿದುಕೊಳ್ಳುತ್ತದೆ.

2024ರ ಎಕ್ಸ್‌ಝಡ್ ಪ್ರಕರಣದ ಪತ್ರಗಳನ್ನು ಓದಿದ ಮೇಲೆ ಆ ಬಡಿತ ಕಡಿಮೆಯಾಯಿತು. ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶ ಲೋಕದ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದ ಹವ್ಯಾಸವಾಗಿ. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಕೆಲಸ ನಿಧಾನವಾಯಿತು, ಇನ್ನೊಬ್ಬ ನಿರ್ವಾಹಕನನ್ನು ಸೇರಿಸಿಕೊಳ್ಳಿ ಎಂದು ಪೀಡಿಸತೊಡಗಿದವು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಸಹಾಯಕ್ಕೆ ನಿಂತಿದ್ದ ವ್ಯಕ್ತಿಗೆ ಕ್ರಮೇಣ ಅಧಿಕಾರ ಸಿಕ್ಕಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಗುಟ್ಟಾಗಿ ನುಸುಳುವ ಕಳ್ಳಬಾಗಿಲು ಸೇರಿತು. ಅದನ್ನು ಹಿಡಿದವರು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ಹೆಚ್ಚು ತೆಗೆದುಕೊಳ್ಳುತ್ತಿದೆ ಏಕೆ ಎಂದು ಅಗೆಯುತ್ತಾ ಹೋಗಿ, 2024ರ ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು.

ಆ ಅವಸರದ ಪತ್ರಗಳಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ನನಗೂ ಬರುವಂಥ ಪತ್ರಗಳೇ ಅವು. ಇಂಥ ಪತ್ರಗಳನ್ನು ಬರೆಯುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಪ್ರಾಮಾಣಿಕರೇ ಇರಬಹುದು, ಆದರೆ ಅವಸರಪಡಿಸುವ ಪತ್ರಕ್ಕೆ ಅಧಿಕಾರ ಬಿಟ್ಟುಕೊಡುವುದು ಉತ್ತರವಾಗಬಾರದು. ನಮ್ಮ ಯೋಜನೆಯಲ್ಲಿ ಈಗ ಯಾರ ಬದಲಾವಣೆಯೂ, ನನ್ನದೂ, ಇನ್ನೊಬ್ಬರು ಓದದೆ ಒಳಗೆ ಹೋಗುವುದಿಲ್ಲ. ಬಿಡುಗಡೆಗೆ ಇಬ್ಬರು ಬೇಕು. ಇದರಿಂದ ಇನ್ನಷ್ಟು ತಡವಾಗುತ್ತದೆ ಎಂದು ಗೊತ್ತಿದ್ದೇ ಹೀಗೆ ಮಾಡಿದ್ದೇವೆ.

ತಡವಾಗುವುದನ್ನು ಮುಚ್ಚಿಡುವುದನ್ನು ಬಿಟ್ಟದ್ದೇ ದೊಡ್ಡ ಬದಲಾವಣೆ. ಯೋಜನೆಯ ಮೊದಲ ಪುಟದಲ್ಲಿ ನನ್ನ ಹೆಸರಿನ ಮುಂದೆ ಒಂದು ಸಾಲು ಬರೆದಿದ್ದೇನೆ: ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ನವೆಂಬರ್‌ನಿಂದ ಅಡಿಕೆ ಕೊಯ್ಲು, ಈ ತಿಂಗಳುಗಳಲ್ಲಿ ಉತ್ತರಕ್ಕೆ ವಾರ ಹಿಡಿಯಬಹುದು, ಭದ್ರತೆಯ ವಿಷಯವಿದ್ದರೆ ಇನ್ನೊಬ್ಬ ನಿರ್ವಾಹಕರಿಗೆ ಬರೆಯಿರಿ. ದುಡ್ಡು ಕೊಡುವ ಕಂಪನಿ ಇದನ್ನು ನೋಡಿ ಏನೆನ್ನುತ್ತದೋ ಎಂಬ ಅಳುಕಿತ್ತು. ಅವರು ವಾರದ ವಿಡಿಯೊ ಸಭೆಯನ್ನು ತೆಗೆದುಹಾಕಿ ಅದರ ಬದಲು ಬರಹದ ವರದಿ ಕೇಳಿದರು, ಅಷ್ಟೆ. ಪೋರ್ಚುಗಲ್‌ನಲ್ಲಿರುವ ಸಹನಿರ್ವಾಹಕ ಮಾತ್ರ ಕೆಲವು ವಾರಗಳ ನಂತರ ತನ್ನ ಹೆಸರಿನ ಮುಂದೆಯೂ ಒಂದು ಸಾಲು ಸೇರಿಸಿದ್ದ: ಸೆಪ್ಟೆಂಬರ್‌ನಲ್ಲಿ ಮಾವನ ಮನೆಯ ದ್ರಾಕ್ಷಿ ಕೊಯ್ಲು. ಆತನ ಮಾವನಿಗೆ ದ್ರಾಕ್ಷಿ ತೋಟವಿದೆ ಎಂಬುದು ಅಷ್ಟು ಕಾಲ ಜೊತೆಗೆ ಕೆಲಸ ಮಾಡಿದ್ದರೂ ನನಗೆ ಗೊತ್ತಿರಲಿಲ್ಲ. ಈಗ ನಮ್ಮ ಬಿಡುಗಡೆಗಳು ಫೆಬ್ರವರಿ ಕೊನೆಗೆ ಮತ್ತು ಅಕ್ಟೋಬರ್‌ನಲ್ಲಿ.